ನೂರು ಕಿಲೋ ಕಲ್ಲಿಗೆ ಎಷ್ಟು ಸುಣ್ಣ?

ಕೇಳುಗರಿಗೆ ನಮಸ್ಕಾರ. ಪಿಯುಸಿ ಓದುತ್ತಿರುವ ಮಕ್ಕಳೇ, ಕಾಗದ ಪೆನ್ನು ಹಿಡಿದು ಕೂತುಕೊಳ್ಳಿ. ರಾಸಾಯನಿಕ ಸಮೀಕರಣ ಎಣಿಸುತ್ತದೆ, ತೂಗುವುದಿಲ್ಲ. ಇವತ್ತು ನಾನು ಹೇಳುವುದು ಇದೊಂದನ್ನೇ.

ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನೇ ತೆಗೆದುಕೊಳ್ಳಿ. ಸುಣ್ಣದ ಕಲ್ಲಾಗಲಿ, ಕರಾವಳಿಯ ಚಿಪ್ಪಾಗಲಿ, ಹೆಚ್ಚುಪಾಲು ಕ್ಯಾಲ್ಸಿಯಂ ಕಾರ್ಬೋನೇಟೇ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಒಂದು ಕಾರ್ಬೋನೇಟಿಗೆ ಒಂದು ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಒಂದು ಕಾರ್ಬನ್ ಡೈಆಕ್ಸೈಡ್. ‘ಒಂದಕ್ಕೆ ಒಂದು ತಾನೇ? 100 ಕಿಲೋ ಕಲ್ಲಿಗೆ 100 ಕಿಲೋ ಸುಣ್ಣ’ ಎಂದು ಬರೆದುಬಿಡುತ್ತೀರಿ. ಅಲ್ಲ! ಎಣಿಕೆ ಒಂದಕ್ಕೊಂದು, ತೂಕ 100ಕ್ಕೆ 56. ಉಳಿದ 44 ಕಿಲೋ ಅನಿಲವಾಗಿ ಹಾರಿಹೋಯಿತು.

ಲೆಕ್ಕ ಹೀಗೆ. ಪರಮಾಣು ತೂಕ ಕೂಡಿಸಿ: ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ 48, ಕೂಡಿದರೆ 100. ಡಜನ್ ಎಂದರೆ ಹನ್ನೆರಡು ಇದ್ದಂತೆ, ಮೋಲ್ ಎಂದರೆ ಕಣಗಳ ಒಂದು ನಿಗದಿತ ಎಣಿಕೆ; ಕಾರ್ಬೋನೇಟಿನ ಒಂದು ಮೋಲ್ 100 ಗ್ರಾಂ. 250 ಗ್ರಾಂ ಕಲ್ಲು ಕೊಟ್ಟಿದ್ದರೆ 100ರಿಂದ ಭಾಗಿಸಿ, 2.5 ಮೋಲ್. ಸುಣ್ಣವೂ 2.5 ಮೋಲ್. ಅದರ ಒಂದು ಮೋಲ್ 40 ಮತ್ತು 16 ಕೂಡಿ 56 ಗ್ರಾಂ; 56ರಿಂದ ಗುಣಿಸಿ, 140 ಗ್ರಾಂ. ಮೋಲ್ ಎನ್ನುವ ನಡುಮೆಟ್ಟಿಲನ್ನು ಹಾರಿದವರೇ ಜಾರುವುದು.

ಆ 100 ಕಿಲೋ ಕಲ್ಲಿನಲ್ಲಿ 20 ಕಿಲೋ ಮರಳಿದ್ದರೆ ಭಟ್ಟಿಯಿಂದ ತೆಗೆದದ್ದು 64.8 ಕಿಲೋ ತೂಗುತ್ತದೆ. ಹೆಚ್ಚು ಬಂತೆಂದು ಹಿಗ್ಗಬೇಡಿ. ಸುಣ್ಣ 44.8 ಕಿಲೋ ಮಾತ್ರ, ಮಿಕ್ಕಿದ್ದು ಮರಳು. ಒಳಗೆ ಬೇಯದ ಕಲ್ಲು ಉಳಿದಿದ್ದರೂ ತೂಕ ಹೆಚ್ಚೇ ಬರುತ್ತದೆ. ಇನ್ನು ನೀರು ಹಾಕಿ ಅರಳಿಸುವಾಗ 56 ಕಿಲೋ ಸುಟ್ಟ ಸುಣ್ಣಕ್ಕೆ 18 ಕಿಲೋ ನೀರು. 74 ಕಿಲೋ ಅರಳಿದ ಸುಣ್ಣ. ಆದರೆ ಸರಿಯಾಗಿ 18 ಲೀಟರ್ ಅಳೆದು ಸುರಿದರೆ ಸಾಲದು, ಅರಳುವಾಗ ಏಳುವ ಕಾವಿಗೆ ಒಂದಷ್ಟು ನೀರು ಕುದಿದು ಆವಿಯಾಗುತ್ತದೆ. ಹತ್ತಿರ ಬಗ್ಗಿ ನೋಡಬೇಡಿ; ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು.

ಸುಣ್ಣದಲ್ಲೇ ಹೊತ್ತು ಹೋಯಿತು. ಎರಡು ಪ್ರತಿವರ್ತಕಗಳ, ಅಂದರೆ ಕೂಡಿ ಬದಲಾಗುವ ಎರಡು ವಸ್ತುಗಳ, ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಹೈಡ್ರೋಜನ್ 10 ಗ್ರಾಂ, ಆಕ್ಸಿಜನ್ 64 ಗ್ರಾಂ, ಎರಡೂ ಸೇರಿ ನೀರಾಗಬೇಕು. ಮೊದಲು ಮುಗಿಯುವುದು ಯಾವುದು? ಹೈಡ್ರೋಜನ್ ಎಂದಿರಾ? ಎಷ್ಟು ಸಲ ಹೇಳಲಿ, ತೂಕ ನೋಡಬೇಡಿ, ಎಣಿಸಿ! ಮೋಲ್‌ಗೆ ಹೈಡ್ರೋಜನ್ ಅನಿಲ 2 ಗ್ರಾಂ, ಆಕ್ಸಿಜನ್ ಅನಿಲ 32 ಗ್ರಾಂ; ಹಾಗಾಗಿ ಹೈಡ್ರೋಜನ್ 5 ಮೋಲ್, ಆಕ್ಸಿಜನ್ 2 ಮೋಲ್. ಒಂದು ಆಕ್ಸಿಜನ್ ಅಣುವಿಗೆ ಎರಡು ಹೈಡ್ರೋಜನ್ ಅಣು ಬೇಕು, ಎರಡು ಮೋಲ್ ಆಕ್ಸಿಜನ್‌ಗೆ ನಾಲ್ಕು ಮೋಲ್ ಹೈಡ್ರೋಜನ್ ಸಾಕು. ಮುಗಿದದ್ದು ಆಕ್ಸಿಜನ್. ನೀರು 4 ಮೋಲ್, ಅಂದರೆ 72 ಗ್ರಾಂ; ಹೈಡ್ರೋಜನ್ 2 ಗ್ರಾಂ ಮಿಕ್ಕಿತು. ಒಟ್ಟು 74. ಮೊದಲು ಇದ್ದದ್ದೂ 74. ಇಷ್ಟು ತಾಳೆ ನೋಡದೆ ಉತ್ತರದ ಕೆಳಗೆ ಗೆರೆ ಎಳೆಯಬೇಡಿ. ನಮಸ್ಕಾರ.