ಡಾಕಾರ್‌ನ ದೂದೂ ಎನ್‌ಜಾಯ್ ರೋಸ್

ಕೇಳುಗರಿಗೆ ನಮಸ್ಕಾರ. ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಾಕಾರ್‌ನಲ್ಲಿ 1930ರಲ್ಲಿ ಹುಟ್ಟಿ, ಸಾಬಾರ್ ಎಂಬ ಚರ್ಮವಾದ್ಯವನ್ನು ಜಗತ್ತಿನ ದೊಡ್ಡ ವೇದಿಕೆಗಳಿಗೆ ಒಯ್ದ ದೂದೂ ಎನ್‌ಜಾಯ್ ರೋಸ್ ಅವರನ್ನು ಕುರಿತು ಇಂದು ಮಾತನಾಡುತ್ತೇನೆ.

ಸೆನೆಗಲ್‌ನ ವೋಲೋಫ್ ಜನರಲ್ಲಿ ವಂಶಾವಳಿಯನ್ನು ನೆನಪಿಟ್ಟು ಹಾಡುವುದು, ಸಾಬಾರ್ ನುಡಿಸುವುದು ಗೆವೆಲ್ ಎಂಬ ಮನೆತನಗಳ ಕಸುಬು. ದೂದೂ ಹುಟ್ಟಿದ್ದೂ ಗೆವೆಲ್ ಮನೆತನದಲ್ಲಿಯೇ. ಆದರೂ ಲೆಕ್ಕಪತ್ರದ ಕೆಲಸದಲ್ಲಿದ್ದ ಅವರ ತಂದೆಗೆ ಮಗ ವಾದ್ಯ ಹಿಡಿಯುವುದು ಬೇಕಿರಲಿಲ್ಲ. ಕೊಳಾಯಿ ರಿಪೇರಿಯ ಕೆಲಸದಿಂದ ಜೀವನ ನಡೆಸುತ್ತಲೇ ದೂದೂ ಹಿರಿಯ ವಾದಕ ಮಾದಾ ಸೆಕ್ ಅವರ ಬಳಿ ಕಲಿತರು.

ಸಾಬಾರ್ ಎಂದರೆ ಒಂದೇ ವಾದ್ಯವಲ್ಲ, ಒಂದು ಕುಟುಂಬ. ಮರದ ದಿಮ್ಮಿಯನ್ನು ಕೊರೆದು, ಆಡಿನ ಚರ್ಮವನ್ನು ಗೂಟಗಳಿಂದ ಬಿಗಿದ ಈ ವಾದ್ಯಗಳಲ್ಲಿ ಕೆಲವು ಎತ್ತರವಾಗಿ, ಕೆಲವು ಗಿಡ್ಡವಾಗಿ ಇರುತ್ತವೆ; ವಾದಕನ ಒಂದು ಕೈಯಲ್ಲಿ ತೆಳ್ಳನೆಯ ಕೋಲಿದ್ದರೆ ಇನ್ನೊಂದು ಬರಿಗೈ. ಪೆಟ್ಟುಗಳಿಗೆ ಬಾಯಲ್ಲಿ ಹೇಳಿಕೊಳ್ಳುವ ಸೊಲ್ಲುಗಳುಂಟು. ಬಾಕ್ ಎಂದು ಕರೆಯುವ ದೀರ್ಘವಾದ ಲಯವಾಕ್ಯಗಳಲ್ಲಿ ಹಲವು ಮೊದಲು ವೋಲೋಫ್ ಭಾಷೆಯ ಮಾತುಗಳೇ ಆಗಿದ್ದವು. ಕಾಲಕ್ರಮದಲ್ಲಿ ಮಾತು ಮರೆತರೂ ಪೆಟ್ಟು ಉಳಿಯಿತು. ಮರೆತವರ ಮಾತನ್ನು ಚರ್ಮವೊಂದು ಕಾದಿಟ್ಟುಕೊಂಡಿದೆ ಎಂಬುದೇ ನನ್ನನ್ನು ಈ ಕಲೆಯತ್ತ ಸೆಳೆದದ್ದು. ಇಂಥ ವಾಕ್ಯಗಳನ್ನು ಹಿರಿಯರಿಂದ ಕೇಳಿ ಕಲಿತದ್ದಷ್ಟೇ ಅಲ್ಲದೆ, ದೂದೂ ತಾವೇ ಅನೇಕವನ್ನು ಕಟ್ಟಿದರು.

ಹತ್ತಾರು, ಕೆಲವೊಮ್ಮೆ ನೂರು ವಾದಕರನ್ನು ಎದುರಿಗೆ ನಿಲ್ಲಿಸಿಕೊಂಡು, ಕೈಯ ಕೋಲನ್ನೂ ಇಡೀ ಮೈಯನ್ನೂ ಸನ್ನೆಯಾಗಿಸಿ ಅವರು ಮೇಳವನ್ನು ನಡೆಸುತ್ತಿದ್ದರು. ಸೆನೆಗಲ್‌ನ ರಾಷ್ಟ್ರೀಯ ನೃತ್ಯತಂಡದ ಮುಖ್ಯ ವಾದಕರಾಗಿದ್ದ ಅವರನ್ನು ಯುನೆಸ್ಕೊ 2006ರಲ್ಲಿ ಜೀವಂತ ಮಾನವ ನಿಧಿ ಎಂದು ಗೌರವಿಸಿತು.

ಆದರೆ ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೆಲಸ ಬೇರೆಯೇ. ಸಾಬಾರ್ ನುಡಿಸುವುದು ಗಂಡಸರ ಹಕ್ಕೆಂದೇ ನಡೆದುಬಂದಿದ್ದ ಸಮಾಜದಲ್ಲಿ ಅವರು ತಮ್ಮ ಹೆಣ್ಣುಮಕ್ಕಳಿಗೂ ಸೊಸೆಯರಿಗೂ ಕೋಲು ಕೊಟ್ಟು, ಗಂಡುಮಕ್ಕಳಿಗೆ ಕಲಿಸಿದ್ದನ್ನೇ ಕಲಿಸಿ, 'ರೋಸೆಟ್' ಎಂಬ ತಂಡವನ್ನು ಕಟ್ಟಿದರು. ರೋಸ್ ಎಂಬುದು ಅವರ ತಾಯಿಯ ಹೆಸರು. ಆ ಹೆಸರನ್ನು ಹೊತ್ತ ಹೆಂಗಸರು ವೇದಿಕೆಯ ಮೇಲೆ ಸಾಲಾಗಿ ನಿಂತು ಸಾಬಾರ್ ಬಾರಿಸಿದರು. 2015ರ ಆಗಸ್ಟ್ 19ರಂದು ದೂದೂ ಡಾಕಾರ್‌ನಲ್ಲಿ ತೀರಿಕೊಂಡಾಗ, ಅವರ ಲಯಗಳನ್ನು ಬಲ್ಲ ಕೈಗಳಲ್ಲಿ ಹೆಂಗಸರ ಕೈಗಳೂ ಇದ್ದವು.