ಇಪ್ಪತ್ತು ವರ್ಷದ ಗಡುವು

ಕೇಳುಗರೆಲ್ಲರಿಗೂ ನಮಸ್ಕಾರ.

2024ರ ಸೆಪ್ಟೆಂಬರ್ 19ರಂದು ರೋಮ್ ನಗರದ ವಿಮಾನ ನಿಲ್ದಾಣದಲ್ಲಿ ಇಟಲಿಯ ಪೊಲೀಸರು 65 ವರ್ಷದ ಒಬ್ಬರನ್ನು ಬಂಧಿಸಿದರು. ಅವರು ವಾಸವಾಗಿದ್ದದ್ದು ಗ್ರೀಸಿನಲ್ಲಿ. ಗ್ರೀಸ್ ಮತ್ತು ಆಸ್ಟ್ರೇಲಿಯಾ ಎರಡರ ಪೌರತ್ವವೂ ಅವರಿಗಿತ್ತು. ಅವರ ಮೇಲಿನ ಕೊಲೆ ಆರೋಪ ಮಾತ್ರ ಆಸ್ಟ್ರೇಲಿಯಾದ ಮೆಲ್ಬೋರ್ನಿನದು. ಅದೂ 1977ರದ್ದು. ಆಗ ಅವರಿಗೆ 17 ವರ್ಷ. ಅವರು ಆರೋಪವನ್ನು ಒಪ್ಪಿಕೊಂಡಿಲ್ಲ. ಅವರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅವರು ತಪ್ಪಿತಸ್ಥರೋ ಅಲ್ಲವೋ ಎನ್ನುವುದನ್ನು ನ್ಯಾಯಾಲಯ ಹೇಳಬೇಕು, ಬಾನುಲಿ ಅಲ್ಲ. ನಾನು ಮಾತಾಡಬೇಕೆಂದಿರುವುದು ಬೇರೆ ವಿಷಯ. ಒಂದು ಕೊಲೆ ಎಷ್ಟು ವರ್ಷಕ್ಕೆ ಹಳೆಯದಾಗುತ್ತದೆ? ಹಾಗೆ ಹಳೆಯದಾಯಿತು ಎಂದು ತೀರ್ಮಾನಿಸುವವರು ಯಾರು?

ಮೊದಲು ನಡೆದದ್ದನ್ನು ಹೇಳುತ್ತೇನೆ. ಮೆಲ್ಬೋರ್ನಿನ ಕಾಲಿಂಗ್‌ವುಡ್ ಬಡಾವಣೆಯಲ್ಲಿ ಈಸಿ ಸ್ಟ್ರೀಟ್ ಎಂಬ ರಸ್ತೆ ಇದೆ. ಅಲ್ಲಿ ಒಂದು ಚಿಕ್ಕ ಬಾಡಿಗೆ ಮನೆಯಲ್ಲಿ ಇಬ್ಬರು ಗೆಳತಿಯರು ಇದ್ದರು. ಇಬ್ಬರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಒಬ್ಬಾಕೆ ಶಾಲೆಯ ಟೀಚರ್. ಇನ್ನೊಬ್ಬಾಕೆಗೆ ಒಂದೂವರೆ ವರ್ಷವೂ ತುಂಬದ ಗಂಡುಮಗು. 1977ರ ಜನವರಿ 10ರ ರಾತ್ರಿ ಇಬ್ಬರನ್ನೂ ಚಾಕುವಿನಿಂದ ಇರಿದು ಕೊಂದರು. ಪಕ್ಕದ ಮನೆಯವರಿಗೆ ಗೊತ್ತಾದದ್ದು 13ರಂದು. ಅಲ್ಲಿಯವರೆಗೆ ಆ ಮಗು ತನ್ನ ತೊಟ್ಟಿಲಲ್ಲಿ ಒಂಟಿಯಾಗಿತ್ತು. ಅದಕ್ಕೆ ಯಾರೂ ಗಾಯ ಮಾಡಿರಲಿಲ್ಲ. ನೀರಿಲ್ಲದೆ ಬಳಲಿತ್ತು, ಬದುಕಿತ್ತು. ರೋಮ್‌ನಿಂದ ಬಂಧನದ ಸುದ್ದಿ ಬಂದಾಗ ಆ ಮಗುವಿಗೆ ಐವತ್ತು ವರ್ಷ ಹತ್ತಿರವಾಗಿತ್ತು.

1977ರಲ್ಲಿ ಡಿಎನ್‌ಎ ಪರೀಕ್ಷೆ ಎನ್ನುವುದೇ ಇರಲಿಲ್ಲ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರಿಸ್ ಆ ದಾರಿ ಕಂಡುಕೊಂಡದ್ದು 1984ರಲ್ಲಿ. ಹಾಗಿದ್ದರೂ ಮೆಲ್ಬೋರ್ನಿನ ಪೊಲೀಸರು ಆ ಮನೆಯಲ್ಲಿ ಸಿಕ್ಕ ಜೈವಿಕ ಮಾದರಿಗಳನ್ನು ಎಸೆಯಲಿಲ್ಲ. ಯಾವತ್ತಾದರೂ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲದೆಯೂ ಯಾರೋ ಅದನ್ನು ಜೋಪಾನವಾಗಿ ಇಟ್ಟರು. ಈ ಇಡೀ ಕಥೆಯಲ್ಲಿ ನನಗೆ ಅತಿ ದೊಡ್ಡ ಕೆಲಸವಾಗಿ ಕಾಣುವುದು ಅದೇ. ಅವರ ಹೆಸರು ಯಾವ ಸುದ್ದಿಯಲ್ಲೂ ಬರುವುದಿಲ್ಲ.

ಆ ಮಾದರಿಗಳು ಮೊದಲು ಮಾಡಿದ ಕೆಲಸವನ್ನೂ ಹೇಳಬೇಕು. ಅವು ಮೊದಲು ಯಾರನ್ನೂ ಹಿಡಿದುಕೊಡಲಿಲ್ಲ, ಬಿಡಿಸಿದವು. ಈ ಪ್ರಕರಣದಲ್ಲಿ ಹಲವರ ಮೇಲೆ ಅನುಮಾನ ಬಿದ್ದಿತ್ತು. ಕೊಲೆಯ ರಾತ್ರಿ ಪಕ್ಕದ ಮನೆಯಲ್ಲಿ ಉಳಿದಿದ್ದ ಒಬ್ಬ ಪತ್ರಕರ್ತನನ್ನು ಜನ ವರ್ಷಗಟ್ಟಲೆ ಓರೆಗಣ್ಣಿನಿಂದ ನೋಡಿದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಅದು ತಾಳೆಯಾಗಲಿಲ್ಲ, ಆತ ಪಾರಾದ. ಕೊಲೆಗಾರ ಸಿಗದ ಪ್ರಕರಣ ಸತ್ತವರ ಮನೆಯವರನ್ನು ಮಾತ್ರ ಕಾಡುವುದಿಲ್ಲ. ಏನೂ ಮಾಡದವರನ್ನೂ ಸುಮ್ನೆ ಬಿಡುವುದಿಲ್ಲ.

2017ಕ್ಕೆ ಕೊಲೆಯಾಗಿ 40 ವರ್ಷ. ಮೆಲ್ಬೋರ್ನ್ ಇರುವ ವಿಕ್ಟೋರಿಯಾ ರಾಜ್ಯದ ಪೊಲೀಸರು ಸುಳಿವು ಕೊಟ್ಟವರಿಗೆ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಬಹುಮಾನ ಘೋಷಿಸಿದರು. ಹಳೆಯ ಕಡತಗಳನ್ನು ಮತ್ತೆ ತೆರೆದು, ಅದರಲ್ಲಿ ಹೆಸರಿದ್ದವರನ್ನೆಲ್ಲ ಡಿಎನ್‌ಎ ಮಾದರಿ ಕೇಳುತ್ತಾ ಹೋದರು. ಪೊಲೀಸರು ಹೇಳುವ ಪ್ರಕಾರ, ರೋಮ್‌ನಲ್ಲಿ ಬಂಧಿತರಾದ ಈ ವ್ಯಕ್ತಿಯನ್ನೂ ಕೇಳಿದ್ದರು. ಅದಾದ ಮೇಲೆ ಅವರು ಗ್ರೀಸಿಗೆ ಹೋದರು.

ಕಾನೂನು ತೊಡರಿಕೊಂಡದ್ದು ಇಲ್ಲಿ. ಆಸ್ಟ್ರೇಲಿಯಾದಲ್ಲಿ ಕೊಲೆಗೆ ಕಾಲದ ಮಿತಿ ಇಲ್ಲ. ಎಷ್ಟು ವರ್ಷವಾದರೂ ಕೇಸು ಹಾಕಬಹುದು. ಗ್ರೀಸಿನಲ್ಲಿ ಕೊಲೆಗೂ 20 ವರ್ಷದ ಗಡುವು ಇದೆ. ಅಷ್ಟರೊಳಗೆ ಕ್ರಮ ಶುರುವಾಗದಿದ್ದರೆ ಮುಗಿಯಿತು. ಅಂದರೆ ಗ್ರೀಸಿನ ಲೆಕ್ಕದಲ್ಲಿ ಈ ಕೊಲೆಗಳ ಗಡುವು 1997ಕ್ಕೇ ತೀರಿತ್ತು. ಆಸ್ಟ್ರೇಲಿಯಾದ ಪೊಲೀಸರ ಕೈಯಲ್ಲಿ ವಾರಂಟ್ ಇತ್ತು. ಅವರನ್ನು ಹುಡುಕಿ ಹಿಡಿಯಿರಿ ಎಂದು ಬೇರೆ ದೇಶಗಳ ಪೊಲೀಸರನ್ನು ಕೋರುವ ಇಂಟರ್‌ಪೋಲ್ ರೆಡ್ ಕಾರ್ನರ್ ನೋಟಿಸ್ ಕೂಡ ಇತ್ತು. ಆದರೆ ನೋಟಿಸ್ ಬಂದ ಕೂಡಲೇ ಎಲ್ಲ ದೇಶವೂ ಬಂಧಿಸಲೇಬೇಕು ಅಂತೇನಿಲ್ಲ. ಆಯಾ ದೇಶ ತನ್ನ ಕಾನೂನು ನೋಡಿ ನಿರ್ಧರಿಸುತ್ತದೆ. ಹಾಗಾಗಿ ಪೊಲೀಸರು ಬಾಯಿ ಮುಚ್ಚಿಕೊಂಡು ಕಾದರು, ಅವರು ಗ್ರೀಸಿನಿಂದ ಹೊರಗೆ ಕಾಲಿಡುವವರೆಗೆ.

ಕಾಲಿಟ್ಟದ್ದು ಇಟಲಿಯಲ್ಲಿ. ಜೀವಾವಧಿ ಶಿಕ್ಷೆ ಕೊಡಬಹುದಾದ ಅಪರಾಧಕ್ಕೆ ಇಟಲಿಯ ಕಾನೂನಿನಲ್ಲಿ ಕಾಲದ ಮಿತಿ ಇಲ್ಲ. ಹಾಗಂತ ಇಟಲಿ ಕೇಳಿದವರಿಗೆಲ್ಲ ಆರೋಪಿಯನ್ನು ಕೊಟ್ಟುಬಿಡುವ ದೇಶವೂ ಅಲ್ಲ. ಹಿಂದೊಮ್ಮೆ ಅಮೆರಿಕದ ಫ್ಲೋರಿಡಾ ರಾಜ್ಯ ಒಬ್ಬ ಕೊಲೆ ಆರೋಪಿಯನ್ನು ಕೇಳಿತ್ತು. ಮರಣದಂಡನೆ ಕೊಡುವುದಿಲ್ಲ ಎಂದು ಅಮೆರಿಕ ಭರವಸೆ ಕೊಟ್ಟರೂ 1996ರಲ್ಲಿ ಇಟಲಿಯ ಸಾಂವಿಧಾನಿಕ ನ್ಯಾಯಾಲಯ ಒಪ್ಪಲಿಲ್ಲ. ಬರೀ ಭರವಸೆ ಸಾಲದು ಎಂದಿತು. ಮೆಲ್ಬೋರ್ನಿನ ವಿಷಯದಲ್ಲಿ ಆ ತಕರಾರು ಏಳಲಿಲ್ಲ. ವಿಕ್ಟೋರಿಯಾ ರಾಜ್ಯದಲ್ಲಿ ಕೊನೆಯ ಗಲ್ಲು 1967ರಲ್ಲಿ. 1975ರಲ್ಲಿ ಮರಣದಂಡನೆಯನ್ನೇ ತೆಗೆದುಹಾಕಿದ್ದರು. ಹಸ್ತಾಂತರಕ್ಕೆ ಇನ್ನೂ ಕೆಲವು ಕಟ್ಟುಪಾಡುಗಳಿವೆ. ಆ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು. ಯಾವ ಆರೋಪಕ್ಕೆಂದು ಕರೆದೊಯ್ದರೋ ಅದಕ್ಕೇ ವಿಚಾರಣೆ ನಡೆಯಬೇಕು. ಈ ಕಟ್ಟುಪಾಡುಗಳು ಇರಲೇಬೇಕು. ಇಲ್ಲದಿದ್ದರೆ ಸರ್ಕಾರಗಳು ತಮಗೆ ಬೇಡದವರನ್ನು ಕೊಲೆ ಕೇಸಿನ ನೆಪದಲ್ಲಿ ಎಳೆದು ತರಿಸಿಕೊಳ್ಳಬಹುದು, ಅಲ್ವಾ? 2024ರ ಡಿಸೆಂಬರ್ ಮೊದಲ ವಾರ ಅವರನ್ನು ಮೆಲ್ಬೋರ್ನಿಗೆ ಕರೆತಂದರು.

ಎಲ್ಲ ಪ್ರಕರಣವೂ ಇಷ್ಟು ದೂರ ಬರುವುದಿಲ್ಲ. 1996ರ ಡಿಸೆಂಬರ್‌ನಲ್ಲಿ ಐರ್ಲೆಂಡಿನ ಕಾರ್ಕ್ ಜಿಲ್ಲೆಯಲ್ಲಿ ಒಬ್ಬ ಫ್ರೆಂಚ್ ಮಹಿಳೆಯ ಕೊಲೆಯಾಯಿತು. ಅಲ್ಲೇ ನೆಲೆಸಿದ್ದ ಒಬ್ಬ ಇಂಗ್ಲಿಷ್ ಪತ್ರಕರ್ತನ ಮೇಲೆ ಅನುಮಾನ ಬಂತು. ಐರ್ಲೆಂಡ್ ಯಾವತ್ತೂ ಅವರ ಮೇಲೆ ಕೊಲೆ ಆರೋಪ ಹೊರಿಸಲಿಲ್ಲ. ಫ್ರಾನ್ಸ್ 2019ರಲ್ಲಿ ಅವರ ಗೈರುಹಾಜರಿಯಲ್ಲೇ ವಿಚಾರಣೆ ನಡೆಸಿ 25 ವರ್ಷ ಶಿಕ್ಷೆ ಕೊಟ್ಟಿತು. 2020ರಲ್ಲಿ ಐರ್ಲೆಂಡಿನ ಹೈಕೋರ್ಟ್ ಅವರನ್ನು ಕಳಿಸಲು ಒಪ್ಪಲಿಲ್ಲ. 2024ರ ಜನವರಿಯಲ್ಲಿ ಅವರು ತೀರಿಕೊಂಡರು. ಒಂದು ದೇಶದಲ್ಲಿ ಕೊಲೆಗಾರ, ಇನ್ನೊಂದರಲ್ಲಿ ಆರೋಪಿಯೂ ಅಲ್ಲ. ಆ ಮಹಿಳೆಯ ಮನೆಯವರಿಗೂ ಉತ್ತರ ಸಿಗಲಿಲ್ಲ, ಆತನಿಗೂ ಸಿಗಲಿಲ್ಲ.

ಗಡುವು ಇರಬೇಕು ಎನ್ನುವವರ ವಾದವನ್ನು ನಾನು ಹಗುರವಾಗಿ ನೋಡುವುದಿಲ್ಲ. ಸಾಕ್ಷಿಗಳ ನೆನಪು ಮಾಸುತ್ತದೆ. ಸಾಕ್ಷಿಗಳೇ ಸಾಯುತ್ತಾರೆ. ಆ ರಾತ್ರಿ ನಾನು ಅಲ್ಲಿರಲಿಲ್ಲ ಎಂದು ತೋರಿಸಬೇಕಾದವನಿಗೆ ಅದನ್ನು ಹೇಳಲು ಯಾರೂ ಉಳಿದಿರುವುದಿಲ್ಲ. ನಿಜ. ಆದರೆ ಜರ್ಮನಿಯನ್ನು ನೋಡಿ. ಅಲ್ಲಿಯೂ ಕೊಲೆಗೆ 20 ವರ್ಷದ ಗಡುವೇ ಇತ್ತು. 1965ಕ್ಕೆ ನಾಜಿ ಕಾಲದ ಕೊಲೆಗಾರರೆಲ್ಲ ಪಾರಾಗುತ್ತಾರೆ ಎಂದು ಗೊತ್ತಾದಾಗ ಪಶ್ಚಿಮ ಜರ್ಮನಿಯ ಸಂಸತ್ತು ಆ ವರ್ಷ ಒಂದು ಸಲ ಕಾಲವನ್ನು ಮುಂದಕ್ಕೆ ಹಾಕಿತು. 1969ರಲ್ಲಿ ಗಡುವನ್ನು 30 ವರ್ಷ ಮಾಡಿತು. 1979ರಲ್ಲಿ ಪೂರ್ತಿ ತೆಗೆದೇಹಾಕಿತು. ಅದು ಡಿಎನ್‌ಎ ಬರುವ ಮುಂಚಿನ ಮಾತು. ಈಗಂತೂ ನೆನಪು ಮಾಸಿದರೂ ಮಾದರಿ ಮಾಸದೆ ಉಳಿಯಬಹುದು. ಹಾಗಿರುವಾಗ ಕೊಲೆಗೆ ಗಡುವು ಉಳಿಸಿಕೊಂಡ ದೇಶಗಳು ಅದನ್ನು ಬಿಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಯಾವ ದೇಶದ ವಿಮಾನ ಹತ್ತಿದರು ಎನ್ನುವುದರ ಮೇಲೆ ಇಬ್ಬರು ಹೆಣ್ಣುಮಕ್ಕಳ ಕೊಲೆಯ ವಿಚಾರಣೆ ನಿಂತಿರಬಾರದು.

ಗಡುವು ತೆಗೆದರೆ ಸಾಲದು, ಸರ್ಕಾರದ ಮೇಲಿನ ಹೊಣೆಯೂ ಜಾಸ್ತಿಯಾಗಬೇಕು. ಡಿಎನ್‌ಎ ಒಬ್ಬರ ಗುರುತು ಹೇಳಬಲ್ಲದು. ಆ ಗುರುತು ಅಲ್ಲಿಗೆ ಹೇಗೆ ಬಂತು, ಯಾವಾಗ ಬಂತು ಎಂದು ಅದೊಂದೇ ಹೇಳಲಾರದು. ಆದ್ದರಿಂದ ಆರೋಪಿಯ ವಕೀಲರಿಗೆ ಹಳೆಯ ಕಡತದ ಪ್ರತಿ ಹಾಳೆಯೂ ಸಿಗಬೇಕು. ಬೇರೆಯವರ ಮೇಲೆ ಅನುಮಾನ ಮೂಡಿಸಿದ ಹಾಳೆಗಳೂ ಅದರಲ್ಲಿ ಇರಬೇಕು. ಉಳಿದಿರುವ ಮಾದರಿಯನ್ನು ಅವರೂ ತಮ್ಮ ತಜ್ಞರಿಂದ ಪರೀಕ್ಷೆ ಮಾಡಿಸುವಂತಿರಬೇಕು. ಇಷ್ಟು ತಡವಾಗಿ ನಡೆಯುವ ವಿಚಾರಣೆಯನ್ನು ಎರಡೂ ಕಡೆಯವರು ನಂಬುವುದಕ್ಕೆ ಅದು ಬೇಕೇ ಬೇಕು.

ನಮಸ್ಕಾರ.