ಮೊದಲು ಮತ ಎಣಿಸಿ, ಆಮೇಲೆ ಸೀಟು ಎಣಿಸಿ

ನಮಸ್ಕಾರ. ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ಬೋಟ್ಸ್ವಾನ ದೇಶದ ಚುನಾವಣೆಯ ಬಗ್ಗೆ ನಾನು ಮಾಡಿದ ಹಿಂದಿನ ವಿಡಿಯೋ ನೋಡಿದ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "58 ವರ್ಷ ಆಳಿದ ಪಕ್ಷಕ್ಕೆ ನಾಲ್ಕೇ ಸೀಟು ಬಂತೆಂದರೆ ಆ ದೇಶದಲ್ಲಿ ಅದರ ಮುಖ ನೋಡುವವರೇ ಇಲ್ಲ ಎಂದಾಯಿತು. ಇದರಲ್ಲಿ ಅರ್ಧ ಗಂಟೆ ಮಾತಾಡುವುದಕ್ಕೆ ಏನಿದೆ?" ಓದಿ ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಸಿಟ್ಟು ಆ ಒಬ್ಬರ ಮೇಲಲ್ಲ. ಫಲಿತಾಂಶ ಬಂದ ದಿನದಿಂದ ದೊಡ್ಡ ದೊಡ್ಡ ಸುದ್ದಿವಾಹಿನಿಗಳೂ ಹೇಳುತ್ತಿರುವುದು ಇದನ್ನೇ: ಧೂಳೀಪಟ, ನಿರ್ನಾಮ, ಗುಡಿಸಿ ಹಾಕಿದರು. ಆದ್ದರಿಂದ ಇವತ್ತು ಒಂದೇ ಒಂದು ಮಾತು ಹೇಳುತ್ತೇನೆ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಮೊದಲು ಮತ ಎಣಿಸಿ, ಆಮೇಲೆ ಸೀಟು ಎಣಿಸಿ.

2024ರ ಅಕ್ಟೋಬರ್ 30ರಂದು ಬೋಟ್ಸ್ವಾನದಲ್ಲಿ ಸಂಸತ್ತಿನ 61 ಸ್ಥಾನಗಳಿಗೆ ಮತದಾನ ನಡೆಯಿತು. ವಿರೋಧ ಪಕ್ಷದ ನಾಯಕ ಡುಮಾ ಬೊಕೊ ಅವರ ಯುಡಿಸಿ ಮೈತ್ರಿಕೂಟಕ್ಕೆ 36 ಸ್ಥಾನ, ಇನ್ನೊಂದು ವಿರೋಧ ಪಕ್ಷ ಬಿಸಿಪಿಗೆ 15, ಮಾಜಿ ಅಧ್ಯಕ್ಷ ಇಯಾನ್ ಖಾಮಾ ಬೆನ್ನಿಗೆ ನಿಂತಿದ್ದ ಬಿಪಿಎಫ್‌ಗೆ 5, ಒಬ್ಬ ಪಕ್ಷೇತರ. 1966ರಲ್ಲಿ ಸ್ವಾತಂತ್ರ್ಯ ಬಂದಂದಿನಿಂದ ಅಧಿಕಾರ ಬಿಟ್ಟುಕೊಡದಿದ್ದ ಬಿಡಿಪಿ, ಅಂದರೆ ಬೋಟ್ಸ್ವಾನ ಡೆಮಾಕ್ರಟಿಕ್ ಪಾರ್ಟಿಗೆ 4. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನಾವು ಮುಂದೆ ಹೋಗೋಣ. ಯುಡಿಸಿಗೆ ಬಿದ್ದ ಮತ ಸುಮಾರು ಶೇಕಡಾ 37. ಬಿಸಿಪಿಗೆ ಸುಮಾರು 21. "ಮುಖ ನೋಡುವವರಿಲ್ಲ" ಎಂದಿರಲ್ಲ, ಆ ಬಿಡಿಪಿಗೆ ಬಿದ್ದ ಮತ ಸುಮಾರು ಶೇಕಡಾ 30. ಮತಗಟ್ಟೆಯ ಮುಂದೆ ಸಾಲು ನಿಂತ ಪ್ರತಿ ಹತ್ತು ಜನರಲ್ಲಿ ಮೂವರು ಅದಕ್ಕೇ ಮತ ಹಾಕಿದ್ದಾರೆ. ಮತದ ಲೆಕ್ಕದಲ್ಲಿ ಅದು ಎರಡನೆಯ ದೊಡ್ಡ ಪಕ್ಷ, ಸೀಟಿನ ಲೆಕ್ಕದಲ್ಲಿ ನಾಲ್ಕನೆಯದು.

ಇದು ಹೇಗಾಯಿತು ಎಂಬುದನ್ನು ಮೇಜಿನ ಮೇಲೆ ತೋರಿಸುತ್ತೇನೆ, ಕ್ಯಾಮೆರಾವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದ್ದೇನೆ. ಇವು ಹುಣಸೆ ಬೀಜಗಳು, ಅಳಗುಳಿಮಣೆ ಆಡುವುದಕ್ಕೆಂದು ಅಮ್ಮ ತೊಳೆದು ಒಣಗಿಸಿ ಡಬ್ಬಿಯಲ್ಲಿ ಕೂಡಿಟ್ಟಿದ್ದವು. ಎಣಿಸಿ ನೂರು ತಂದಿದ್ದೇನೆ. ಒಂದು ಕ್ಷೇತ್ರದಲ್ಲಿ ನೂರೇ ಮತದಾರರು ಎಂದಿಟ್ಟುಕೊಳ್ಳಿ. ನಾಲ್ಕು ಗುಂಪು ಮಾಡುತ್ತೇನೆ: 37, 31, 21, 11. ಮೊದಲ ಗುಂಪಿನವರು ಗೆದ್ದರು. ಉಳಿದ 63 ಬೀಜಗಳನ್ನು ಹೀಗೆ ಅಂಗೈಯಿಂದ ಸರಿಸಿ ಪಕ್ಕಕ್ಕೆ ಹಾಕುತ್ತೇನೆ. ಸಂಸತ್ತಿನಲ್ಲಿ ಅವುಗಳ ಲೆಕ್ಕ ಮುಗಿಯಿತು. ಪಕ್ಕದ ಕ್ಷೇತ್ರದಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಆದರೆ ಅಲ್ಲಿಯೂ ಅಷ್ಟೇ. 31 ಬೀಜದ ಗುಂಪು ಊರೂರಲ್ಲಿ ಎರಡನೆಯ ಸ್ಥಾನಕ್ಕೆ ಬರುತ್ತದೆ, ಊರೂರಲ್ಲಿ ಸೋಲುತ್ತದೆ. ಹೆಚ್ಚು ಮತ ಪಡೆದವನೇ ಗೆದ್ದ ಎಂಬ, ಬ್ರಿಟಿಷರು ಬಿಟ್ಟುಹೋದ ಈ ಪದ್ಧತಿಯಲ್ಲಿ ಎರಡನೆಯ ಸ್ಥಾನಕ್ಕೆ ಬೆಲೆಯೇ ಇಲ್ಲ. ಅದಕ್ಕೇ ಹೇಳಿದ್ದು, ಮೊದಲು ಮತ ಎಣಿಸಿ.

"ಮಾಡಿದ್ದುಣ್ಣೋ ಮಹಾರಾಯ, ಇಷ್ಟು ವರ್ಷ ಇದೇ ಪದ್ಧತಿಯಲ್ಲಿ ಗೆದ್ದು ಮೆರೆದವರೂ ಅವರೇ ತಾನೇ?" ಎಂದು ಕೆಲವರು ಕೇಳಬಹುದು. ಹೌದು, ಅವರೇ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಬೇಕಿಲ್ಲ. ಬಿಡಿಪಿಯನ್ನು ಅಲ್ಲಿನ ಜನ ಡೊಮ್‌ಕ್ರಾಗ್ ಎಂದು ಕರೆಯುತ್ತಾರೆ, ಅಂದರೆ ಜಾಕ್. ಟೈರು ಬದಲಿಸುವಾಗ ಗಾಡಿಯ ಕೆಳಗೆ ಕೊಟ್ಟು ಎತ್ತುವ ಅದೇ ಜಾಕ್. ದೇಶವನ್ನು ಎತ್ತಿ ನಿಲ್ಲಿಸುತ್ತೇವೆ ಎಂದು ಆ ಪಕ್ಷ ಅದನ್ನೇ ತನ್ನ ಗುರುತು ಮಾಡಿಕೊಂಡಿತು. ಆದರೆ ಆ ಪಕ್ಷವನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದ ಜಾಕ್ ವಿರೋಧ ಪಕ್ಷಗಳ ಒಡಕು. 1994ರಲ್ಲಿ ಒಟ್ಟು 40 ಸ್ಥಾನಗಳಲ್ಲಿ 13 ಗೆದ್ದು ನಡುಕ ಹುಟ್ಟಿಸಿದ್ದ ವಿರೋಧ ಪಕ್ಷ ಬಿಎನ್‌ಎಫ್ 1998ರಲ್ಲಿ ಒಡೆಯಿತು. ಒಡೆದು ಹೊರಬಂದವರು ಕಟ್ಟಿದ್ದೇ ಇವತ್ತಿನ ಬಿಸಿಪಿ. ಮರುವರ್ಷದ ಚುನಾವಣೆಯಲ್ಲಿ ಬಿಡಿಪಿಯ ಮತ ಮೂರು ಅಂಶದ ಆಸುಪಾಸು ಹೆಚ್ಚಿತು, ಸ್ಥಾನ 27ರಿಂದ 33ಕ್ಕೆ ಹಾರಿತು. 2014ರಲ್ಲಿ ಅದಕ್ಕೆ ಬಿದ್ದದ್ದು ಶೇಕಡಾ 46 ಚಿಲ್ಲರೆ, ಅರ್ಧಕ್ಕಿಂತ ಕಡಿಮೆ. ಸಿಕ್ಕಿದ್ದು 57ರಲ್ಲಿ 37 ಸ್ಥಾನ. ಅದೇ ವರ್ಷ ಬಿಸಿಪಿಗೆ ಸುಮಾರು ಶೇಕಡಾ 20 ಮತ ಬಿದ್ದು ಮೂರೇ ಸ್ಥಾನ ಸಿಕ್ಕವು. ಹತ್ತು ವರ್ಷದ ನಂತರ ಅದೇ ಪಕ್ಷಕ್ಕೆ ಸುಮಾರು 21 ಬಿದ್ದಾಗ 15 ಸ್ಥಾನ. ಒಂದೇ ಒಂದು ಅಂಶದ ಹೆಚ್ಚಳ, ಐದು ಪಟ್ಟು ಸೀಟು! ಜನ ಬಿಸಿಪಿಯನ್ನು ಐದು ಪಟ್ಟು ಹೆಚ್ಚು ಪ್ರೀತಿಸತೊಡಗಿದರೇ? ಇಲ್ಲ. ಎದುರಿಗಿದ್ದ ಬಿಡಿಪಿ ಕುಸಿದಾಗ, ಮೊದಲು ಸೋಲುತ್ತಿದ್ದ ಕ್ಷೇತ್ರಗಳಲ್ಲಿ ಇವರು ಗೆರೆ ದಾಟಿದರು.

ಹಾಗಾದರೆ ಬಿಡಿಪಿ ಸೋಲಬಾರದಿತ್ತೇ? ಸೋಲಬೇಕಿತ್ತು, ಸೋತಿತು. 2019ರಲ್ಲಿ ಶೇಕಡಾ 52 ದಾಟಿದ್ದ ಪಕ್ಷ 30ಕ್ಕೆ ಇಳಿಯುವುದು ಸಣ್ಣ ಮಾತಲ್ಲ. ವಜ್ರದ ಮಾರುಕಟ್ಟೆ ಬಿದ್ದು, ಓದಿದ ಹುಡುಗರಿಗೆ ಕೆಲಸ ಸಿಗದೆ, ಜನ ಬೇಸತ್ತಿದ್ದರು. ನನ್ನ ತಕರಾರು ಸೋಲಿನ ಬಗ್ಗೆ ಅಲ್ಲ. ಸೋತ ಪಕ್ಷಕ್ಕಾಗಿ ನಾನು ಕಣ್ಣೀರು ಹಾಕುತ್ತಿಲ್ಲ. ಅದಕ್ಕೆ ಮತ ಹಾಕಿದ, ಹತ್ತರಲ್ಲಿ ಮೂವರ ಬಗ್ಗೆ, 2014ರಲ್ಲಿ ಬಿಸಿಪಿಗೆ ಮತ ಹಾಕಿ ಬರಿಗೈಯಲ್ಲಿ ಮನೆಗೆ ಹೋದವರ ಬಗ್ಗೆ ಮಾತಾಡುತ್ತಿದ್ದೇನೆ.

ಅದೇ 2024ರಲ್ಲಿ, ಐದು ತಿಂಗಳ ಮುಂಚೆ, ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ಏನಾಯಿತು ನೋಡಿ. ಮಂಡೇಲಾ ಅವರ ಎಎನ್‌ಸಿ 30 ವರ್ಷದಲ್ಲಿ ಮೊದಲ ಬಾರಿ ಬಹುಮತ ಕಳೆದುಕೊಂಡಿತು: ಮತ ಶೇಕಡಾ 40, ಸ್ಥಾನ 400ರಲ್ಲಿ 159. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹೆಚ್ಚುಕಡಿಮೆ ಒಂದೇ. ಅಲ್ಲಿ ಮತದ ಪಾಲಿಗೆ ತಕ್ಕಂತೆ ಸ್ಥಾನ ಹಂಚುತ್ತಾರೆ. ಬಹುಮತವಿಲ್ಲದ ಎಎನ್‌ಸಿ ನಾಯಕ ರಾಮಫೋಸಾ ತಾವು ದಶಕಗಳಿಂದ ಎದುರಿಸಿದ ಡಿಎ ಪಕ್ಷದ ಜೊತೆಗೇ ಕುಳಿತು ಮಾತಾಡಬೇಕಾಯಿತು, ಸರ್ಕಾರವೂ ಆಯಿತು. ಬೋಟ್ಸ್ವಾನದಲ್ಲಿ ಇದೇ ಲೆಕ್ಕವಿದ್ದಿದ್ದರೆ ಬಿಡಿಪಿಗೆ 18ರ ಆಸುಪಾಸು, ಯುಡಿಸಿಗೆ 22 ಅಥವಾ 23 ಸ್ಥಾನ ಬರುತ್ತಿದ್ದವು. ಬಹುಮತಕ್ಕೆ ಬೇಕಾದ 31ರ ಗೆರೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೋಟ್ಸ್ವಾನದಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಸ್ಥಾನ ಗೆದ್ದ ಪಕ್ಷದ ಅಭ್ಯರ್ಥಿಯೇ ಅಧ್ಯಕ್ಷರಾಗುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡರೆ, ಶೇಕಡಾ 37 ಎಂಬ ಅಂಕಿಯ ತೂಕ ಎಷ್ಟೆಂದು ನಿಮಗೆ ತಿಳಿಯುತ್ತದೆ.

"ಸ್ಥಿರ ಸರ್ಕಾರ ಮುಖ್ಯ, ಕಿಚಡಿ ಸರ್ಕಾರ ಯಾರಿಗೆ ಬೇಕು" ಎನ್ನುವವರು ದಕ್ಷಿಣ ಆಫ್ರಿಕಾದ ಒಡಲಲ್ಲೇ ಇರುವ ಪುಟ್ಟ ದೇಶ ಲೆಸೊಥೊದ ಕಥೆ ಕೇಳಬೇಕು. 1998ರ ಮೇ ತಿಂಗಳಲ್ಲಿ ಅಲ್ಲಿ ಎಲ್‌ಸಿಡಿ ಪಕ್ಷ ಸುಮಾರು ಶೇಕಡಾ 60 ಮತ ಪಡೆದು 80ರಲ್ಲಿ 79 ಸ್ಥಾನ ಗೆದ್ದಿತು. ಸುಮಾರು 24 ಪಡೆದ ವಿರೋಧ ಪಕ್ಷ ಬಿಎನ್‌ಪಿಗೆ ಒಂದು. 80ರಲ್ಲಿ 79! ಇದಕ್ಕಿಂತ ಸ್ಥಿರವಾದ ಸರ್ಕಾರ ಎಲ್ಲಿ ಸಿಗಬೇಕು? ಮೋಸವಾಗಿದೆ ಎಂದು ಜನ ಅರಮನೆಯ ಮುಂದೆ ಕುಳಿತರು, ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸೈನ್ಯ ಒಳನುಗ್ಗಿತು, ಹಿಂದೆಯೇ ಬೋಟ್ಸ್ವಾನದ ಸೈನಿಕರೂ ಹೋದರು, ರಾಜಧಾನಿ ಮಸೇರು ಪಟ್ಟಣದ ನಡುಭಾಗ ಲೂಟಿಯಾಗಿ ಹೊತ್ತಿ ಉರಿಯಿತು. ಬುದ್ಧಿ ಬಂದ ಮೇಲೆ ಅವರು 80 ಕ್ಷೇತ್ರಗಳ ಜೊತೆಗೆ ಮತದ ಪಾಲನ್ನು ಸರಿದೂಗಿಸುವ 40 ಸ್ಥಾನ ಸೇರಿಸಿದರು. 2002ರಲ್ಲಿ ಅದೇ ಬಿಎನ್‌ಪಿ ಸುಮಾರು ಶೇಕಡಾ 22 ಮತಕ್ಕೆ 21 ಸ್ಥಾನ ಪಡೆದು ಸಂಸತ್ತಿನೊಳಗೆ ಕುಳಿತಿತು. ಬೀದಿಯಲ್ಲಿದ್ದವರು ಒಳಗೆ ಬಂದರು. ಇನ್ನೂ ಸ್ಥಿರತೆಯ ಪಾಠ ಹೇಳುತ್ತೀರಾ? ಮತ ಎಣಿಸಿ ಸ್ವಾಮಿ, ಮತ ಎಣಿಸಿ!

ಇದು ನಮಗೇನೂ ಹೊಸದಲ್ಲ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇಕಡಾ 38 ಮತ, 80 ಸ್ಥಾನ. ಬಿಜೆಪಿಗೆ ಸುಮಾರು 36, ಆದರೆ 104 ಸ್ಥಾನ. ಇದೇ ಪದ್ಧತಿ, ಇದೇ ಲೆಕ್ಕ. ಅದಕ್ಕೇ ನಮ್ಮವರು ಬೋಟ್ಸ್ವಾನವನ್ನು ನೋಡಿ "ಗುಡಿಸಿ ಹಾಕಿದರು" ಎಂದಾಗ ನನಗೆ ಇನ್ನಷ್ಟು ಬೇಸರವಾಗುತ್ತದೆ.

ಬೋಟ್ಸ್ವಾನದ ಹಳ್ಳಿಗಳಲ್ಲಿ ಕೊಟ್ಲಾ ಎಂಬ ಪಂಚಾಯಿತಿ ಕಟ್ಟೆ ಇದೆ. ಕೊಟ್ಲಾದಲ್ಲಿ ಆಡಿದ ಮಾತುಗಳೆಲ್ಲ ಚೆಂದ ಎಂಬುದು ಅವರ ಗಾದೆ. ಯಾರ ಮಾತನ್ನೂ ಅಲ್ಲಿ ಕಡೆಗಣಿಸುವುದಿಲ್ಲ. ಅಂಥ ಗಾದೆ ಇರುವ ನಾಡಿನಲ್ಲಿ 63 ಬೀಜ ಪಕ್ಕಕ್ಕೆ! ಆಗ ಅಧ್ಯಕ್ಷರಾಗಿದ್ದ ಬಿಡಿಪಿಯ ಮಸೀಸಿ ಎಣಿಕೆ ಪೂರ್ತಿ ಮುಗಿಯುವ ಮೊದಲೇ, ನವೆಂಬರ್ 1ರ ಬೆಳಿಗ್ಗೆ, ಸೋಲು ಒಪ್ಪಿಕೊಂಡರು. ಬೊಕೊ ಅವತ್ತೇ ಪ್ರಮಾಣವಚನ ಸ್ವೀಕರಿಸಿದರು. ಒಂದು ಕಲ್ಲೂ ಬೀಳಲಿಲ್ಲ. ಇಷ್ಟು ದೊಡ್ಡ ಮನಸ್ಸಿನ ಜನಕ್ಕೆ ಅವರ ಮನಸ್ಸಿನಷ್ಟೇ ನೇರವಾದ ಲೆಕ್ಕ ಸಿಗಬೇಕು ಎನ್ನುತ್ತೇನೆ, ಅಷ್ಟೇ.

ಚಂದಾದಾರರಾಗದವರು ದಯವಿಟ್ಟು ಆಗಿ, ಒಪ್ಪದವರು ಧಾರಾಳವಾಗಿ ಬರೆಯಿರಿ, ಆದರೆ ಮತದ ಅಂಕಿ ಇಟ್ಟುಕೊಂಡು ಬರೆಯಿರಿ. ಲೆಸೊಥೊದವರು ಆ 40 ಸ್ಥಾನಗಳನ್ನು ಹೇಗೆ ಹಂಚುತ್ತಾರೆ ಎಂಬುದನ್ನು ಮುಂದಿನ ವಾರ ಇದೇ ಮೇಜಿನ ಮೇಲೆ ತೋರಿಸುತ್ತೇನೆ. ಅದಕ್ಕೆ 120 ಬೀಜ ಬೇಕು; ಇನ್ನೊಂದಿಪ್ಪತ್ತನ್ನು ಅಮ್ಮನ ಡಬ್ಬಿಯಿಂದ ಕೇಳಿ ತರುತ್ತೇನೆ.